ಪೈಪ್ ಆರುತ್ತದೆ, ನಾಲಿಗೆ ಉರಿಯುತ್ತದೆ: ಬಿಸಿಲ ಸೀಮೆಯ ಪೈಪ್ ಸೇದುವವರಿಗೆ

ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯಿಂದ ಪೈಪ್ ಬಗ್ಗೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ನಾಲ್ಕು ಸಲ ಎಳೆಯುವಷ್ಟರಲ್ಲಿ ಆರಿಹೋಗುತ್ತದೆ. ನಾಲಿಗೆ ಸುಟ್ಟ ಹಾಗಾಗುತ್ತದೆ. ಒಳಗೆ ಗೊರಗೊರ ಅನ್ನುತ್ತದೆ. ಕೈಯಲ್ಲಿ ಹಿಡಿಯಲಾರದಷ್ಟು ಬಿಸಿಯಾಗುತ್ತದೆ. ಕೇಳುವವರಲ್ಲಿ ಬಹಳ ಮಂದಿ ವಿಡಿಯೊ ನೋಡಿ ಕಲಿತವರು. ಆ ವಿಡಿಯೊ ಮಾಡಿದವರು ಮಳೆ, ಮಂಜು ಇರುವ ಊರಿನವರು. ಅವರು ಮೊದಲು ಹೇಳುವ ಮಾತೇ "ತಂಬಾಕು ಒಣಗಿಸಿ" ಅಂತ. ಏಪ್ರಿಲ್‌ನಲ್ಲಿ ತೊಳೆದು ಹಾಕಿದ ಬಟ್ಟೆ ಒಂದು ಗಂಟೆಯಲ್ಲಿ ಗರಿಗರಿಯಾಗುವ ನಮ್ಮ ಕಡೆ ಅದೇ ಮಾತು ಕೇಳಿದರೆ ಕೆಲಸ ಕೆಡುತ್ತದೆ. ಪೈಪಿನ ಮುಕ್ಕಾಲು ತೊಂದರೆಗೆ ಕಾರಣ ಎರಡೇ: ತಂಬಾಕಿನ ಪಸೆ ಮತ್ತು ಎಳೆಯುವ ಅವಸರ. ನಮ್ಮಲ್ಲಿ ಪಸೆಯ ಲೆಕ್ಕ ಉಲ್ಟಾ.

ಶುರು ಮಾಡುವ ಮುಂಚೆ ಎರಡು ವಿಷಯ. ಇದು ಈಗಾಗಲೇ ಸೇದುವ ದೊಡ್ಡವರಿಗೆ ಬರೆದದ್ದು, ಹೊಸಬರನ್ನು ಕರೆಯುವುದಕ್ಕಲ್ಲ. ಹೊಗೆ ಒಳಗೆ ಎಳೆದುಕೊಳ್ಳುವುದಿಲ್ಲ, ಹಾಗಾಗಿ ಪೈಪ್‌ನಿಂದ ಏನೂ ಆಗುವುದಿಲ್ಲ ಅನ್ನುವುದು ಸುಳ್ಳು. ಬಾಯಿ, ಗಂಟಲು, ಶ್ವಾಸಕೋಶದ ಕ್ಯಾನ್ಸರ್ ಪೈಪ್ ಸೇದುವವರಿಗೂ ಬರುತ್ತದೆ. ಬಿಡಬೇಕು ಅನಿಸಿದರೆ 1800-11-2356 ಸರ್ಕಾರದ ಉಚಿತ ಸಹಾಯವಾಣಿ. ಇನ್ನು ಕಾನೂನು. 2025ರಲ್ಲಿ ಜಾರಿಗೆ ಬಂದ ಕರ್ನಾಟಕದ ತಿದ್ದುಪಡಿಯ ಪ್ರಕಾರ 21 ವರ್ಷ ತುಂಬದವರಿಗೆ ತಂಬಾಕು ಮಾರುವಂತಿಲ್ಲ. ಸಾರ್ವಜನಿಕ ಜಾಗದಲ್ಲಿ ಸೇದಿದರೆ 1000 ರೂಪಾಯಿವರೆಗೆ ದಂಡ. ಬಸ್ ಸ್ಟ್ಯಾಂಡ್, ಹೋಟೆಲ್, ಆಫೀಸು ಎಲ್ಲ ಇದರಲ್ಲೇ ಬರುತ್ತವೆ.

ಏನೇನು ಬೇಕು

ಪೈಪಿನ ಭಾಗಗಳ ಹೆಸರು ಗೊತ್ತಿದ್ದರೆ ಮುಂದಿನದು ಸುಲಭ. ತಂಬಾಕು ತುಂಬುವ ಬಟ್ಟಲು ಬೌಲ್. ಬೌಲ್‌ನಿಂದ ಹೊರಡುವ ಮರದ ಕತ್ತು ಶ್ಯಾಂಕ್. ಬಾಯಿಗೆ ಇಡುವ ಕಪ್ಪು ಕೊಳವೆ ಸ್ಟೆಮ್. ಸ್ಟೆಮ್‌ನ ತುದಿಯಲ್ಲಿ ಒಂದು ಸಣ್ಣ ಮೂತಿ ಇರುತ್ತದೆ, ಅದು ಶ್ಯಾಂಕ್‌ನ ತೂತಿನೊಳಗೆ ಕೂರುತ್ತದೆ. ಅದಕ್ಕೆ ಟೆನನ್ ಅನ್ನುತ್ತಾರೆ. ಒಳ್ಳೆಯ ಪೈಪ್‌ಗಳು ಬ್ರಯರ್ ಮರದವು. ಮೆಡಿಟರೇನಿಯನ್ ಸುತ್ತಮುತ್ತ ಬೆಳೆಯುವ ಒಂದು ಪೊದೆಯ ಬೇರುಗಡ್ಡೆ ಅದು. ಬಿಸಿ ತಡೆಯುತ್ತದೆ, ಬೇಗ ಸುಡುವುದಿಲ್ಲ. ಜೋಳದ ಪೈಪ್ ಅಂತ ಸಿಗುವುದು ಮೆಕ್ಕೆಜೋಳದ ದಿಂಡಿನಿಂದ ಮಾಡಿದ್ದು. ಅಗ್ಗ, ಮತ್ತು ಕಲಿಯುವವರಿಗೆ ನಿಜಕ್ಕೂ ಒಳ್ಳೆಯದು.

ಇದರ ಜೊತೆಗೆ ಬೇಕಾದದ್ದು: ಟ್ಯಾಂಪರ್, ಅಂದರೆ ಬೂದಿ ಒತ್ತುವ ಚಪ್ಪಟೆ ತಲೆಯ, ಜೊತೆಗೆ ಪುಟ್ಟ ಚಮಚವೂ ಇರುವ ಕಡ್ಡಿ. ಬೆಂಕಿಪೊಟ್ಟಣ ಅಥವಾ ಮೆತ್ತನೆಯ ಜ್ವಾಲೆಯ ಲೈಟರ್. ಪೈಪ್ ಕ್ಲೀನರ್, ಅಂದರೆ ಹತ್ತಿ ಸುತ್ತಿದ ತಂತಿ.

ಕ್ಲೀನರ್ ನಮ್ಮ ಊರುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಆನ್‌ಲೈನ್‌ನಲ್ಲೇ ತರಿಸಬೇಕು. ಸ್ಟೇಷನರಿ ಅಂಗಡಿಯಲ್ಲಿ ಮಕ್ಕಳ ಕ್ರಾಫ್ಟ್‌ಗೆ ಅಂತ ಬಣ್ಣಬಣ್ಣದ ತಂತಿ ಮಾರುತ್ತಾರಲ್ಲ, ನೋಡಲು ಹಾಗೇ ಇರುತ್ತದೆ. ಅದು ಸಿಂಥೆಟಿಕ್. ತೇವ ಹೀರುವುದಿಲ್ಲ, ಬಿಸಿ ಪೈಪ್‌ನಲ್ಲಿ ಕರಗಲೂಬಹುದು. ಪೊರಕೆ ಕಡ್ಡಿಯೂ ಬೇಡ. ಅದು ಶ್ಯಾಂಕ್ ಒಳಗೆ ಮುರಿದು ಕೂತರೆ ತೆಗೆಯುವುದೇ ದೊಡ್ಡ ರಾಮಾಯಣ. ತುರ್ತಿಗೆ ಒಂದು ಉಪಾಯ ಇದೆ. ದೀಪಕ್ಕೆ ಹಾಕುವ ಉದ್ದನೆಯ ಹತ್ತಿ ಬತ್ತಿ ತೆಗೆದುಕೊಳ್ಳಿ. ತೆಳ್ಳನೆಯ ತಂತಿಯನ್ನು ಎರಡು ಮಡಿಕೆ ಮಾಡಿ ಸ್ಟೆಮ್‌ನಲ್ಲಿ ತೂರಿಸಿ, ಆ ಮಡಿಕೆಗೆ ಬತ್ತಿ ಸಿಕ್ಕಿಸಿ ಈ ಕಡೆ ಎಳೆಯಿರಿ. ಇದು ತಣ್ಣಗಿರುವ, ಬಿಚ್ಚಿದ ಸ್ಟೆಮ್‌ಗೆ ಮಾತ್ರ.

1. ಮೊದಲು ತಂಬಾಕಿನ ಪಸೆ ನೋಡಿ

ಒಂದು ಚಿಟಿಕೆ ತಂಬಾಕು ತೆಗೆದುಕೊಂಡು ಎರಡು ಬೆರಳಲ್ಲಿ ಒತ್ತಿ ಬಿಡಿ. ಉಂಡೆಯಾಗಿ ಹಾಗೇ ಉಳಿದರೆ ಪಸೆ ಜಾಸ್ತಿ. ಕರಕರ ಅಂದು ಪುಡಿಯಾದರೆ ತೀರಾ ಒಣಗಿದೆ. ಒತ್ತಿದ್ದು ನಿಧಾನಕ್ಕೆ ಅರಳಿಕೊಂಡು, ಬೆರಳಿಗೆ ಅಂಟದೆ, ಮುಟ್ಟಿದರೆ ಮೆತ್ತಗಿದ್ದರೆ ಸರಿಯಾಗಿದೆ.

ಪುಡಿಯಾಗುವಷ್ಟು ಒಣಗಿದ ತಂಬಾಕು ಭರ್ರನೆ ಉರಿಯುತ್ತದೆ. ಹೊಗೆ ಬಿಸಿ, ರುಚಿ ಖಾಲಿ, ನಾಲಿಗೆಗೆ ಚುರುಚುರು. ಪುಡಿ ಜಾಸ್ತಿಯಾಗಿ ಕೆಳಗಿನ ತೂತೂ ಕಟ್ಟುತ್ತದೆ. ಫೆಬ್ರವರಿಯಿಂದ ಮೇವರೆಗೆ ಡಬ್ಬಿ ತೆರೆದಿಟ್ಟರೆ ಒಂದು ರಾತ್ರಿ ಸಾಕು ಈ ಸ್ಥಿತಿಗೆ ಬರಲು. ಮೇಲೆ ಫ್ಯಾನ್ ಇದ್ದರೆ ಇನ್ನೂ ಬೇಗ.

ಸರಿಮಾಡುವುದು ಹೀಗೆ. ಕುಂಬಾರರ ಹತ್ತಿರ ಹೊಳಪು ಹಚ್ಚದ ಹೊಸ ಮಡಿಕೆ ಅಥವಾ ಹಣತೆ ಸಿಗುತ್ತದೆ. ಅದರ ಎರಡು ರೂಪಾಯಿ ನಾಣ್ಯದಷ್ಟು ಚೂರು ಸಾಕು. ಚೆನ್ನಾಗಿ ತೊಳೆದು, ಕಾಲು ಗಂಟೆ ನೀರಲ್ಲಿ ನೆನೆಸಿ, ಮೇಲಿನ ನೀರು ಒರೆಸಿ ತಂಬಾಕಿನ ಜೊತೆ ಮುಚ್ಚಳ ಬಿಗಿಯಾದ ಗಾಜಿನ ಬಾಟಲಿಯಲ್ಲಿಡಿ. ಮಾರನೆಯ ದಿನ ತೆಗೆದು ಪಸೆ ನೋಡಿ. ಸಾಲದಿದ್ದರೆ ಇನ್ನೊಮ್ಮೆ. ಸರಿಯಾದ ಮೇಲೆ ಚೂರು ಒಳಗೇ ಬಿಡಬೇಡಿ, ಬೂಸ್ಟು ಹಿಡಿಯುತ್ತದೆ. ನೆನೆಸಲು ಕುಡಿಯುವ ಫಿಲ್ಟರ್ ನೀರೇ ಇರಲಿ. ನಮ್ಮ ಬೋರ್‌ವೆಲ್ ನೀರಿನ ಉಪ್ಪಿನಂಶ ಒಣಗಿದ ಮೇಲೆ ಬಿಳಿ ಪುಡಿಯಾಗಿ ಉಳಿಯುವುದು ನಿಮಗೇ ಗೊತ್ತಲ್ವಾ.

ಆಲೂಗಡ್ಡೆ ಚೂರು, ಸೇಬಿನ ಸಿಪ್ಪೆ ಹಾಕಿ ಅಂತ ಹೇಳುವವರು ತುಂಬಾ ಇದ್ದಾರೆ. ಹಾಕಬೇಡಿ. ನಮ್ಮ ಸೆಕೆಗೆ ಅದು ಎರಡು ದಿನದಲ್ಲಿ ಕೊಳೆಯುತ್ತದೆ. ಒಮ್ಮೆ ಬಿಳಿ ಅಥವಾ ಹಸಿರು ಬೂಸ್ಟು ಕಂಡರೆ ಆ ತಂಬಾಕನ್ನು ಬಿಸಾಡಿ, ಮೇಲಿನದ್ದು ತೆಗೆದು ಕೆಳಗಿನದ್ದು ಸೇದುವ ಯೋಚನೆ ಬೇಡ. ನೀರು ಚಿಮುಕಿಸುವುದೂ ಒಳ್ಳೆಯ ದಾರಿಯಲ್ಲ. ಮೇಲೆ ಒದ್ದೆ, ಒಳಗೆ ಒಣ ಆಗುತ್ತದೆ.

ಇನ್ನೊಂದು ಕಡೆ, ವೆನಿಲ್ಲಾ, ಚೆರ್ರಿ ಅಂತ ಘಮಘಮಿಸುವ ತಂಬಾಕುಗಳು. ಇವಕ್ಕೆ ಬಹಳ ಸಲ ಪ್ರೊಪಿಲೀನ್ ಗ್ಲೈಕಾಲ್ ಎಂಬ ದ್ರವ ಸೇರಿಸಿರುತ್ತಾರೆ. ಅದು ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ರಾಯಚೂರಿನ ಮೇ ತಿಂಗಳಲ್ಲೂ ಇವು ಜಿಗುಟಾಗಿಯೇ ಇರುತ್ತವೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಪೈಪ್ ಪದೇ ಪದೇ ಆರುವುದು, ಈ ವಿಚಿತ್ರಕ್ಕೆ ಕಾರಣ ಇದೇ. ಇಂಥದ್ದನ್ನು ಮಾತ್ರ ಒಂದು ಸಲಕ್ಕೆ ಬೇಕಾದಷ್ಟು ಕಾಗದದ ಮೇಲೆ ಹರಡಿ ಸ್ವಲ್ಪ ಹೊತ್ತು ಬಿಡಿ. ಬಿಸಿಲಿಗೆ ಇಡಬೇಡಿ, ನೆರಳು ಸಾಕು. ಹತ್ತು ನಿಮಿಷಕ್ಕೊಮ್ಮೆ ಚಿಟಿಕೆ ಪರೀಕ್ಷೆ ಮಾಡಿ.

ಬೀಡಿ ತಂಬಾಕು, ಚುಟ್ಟಾದ ಎಲೆ, ಹುಕ್ಕಾಕ್ಕೆ ಹಾಕುವ ಬೆಲ್ಲದ ತಂಬಾಕು ಪೈಪ್‌ಗೆ ಆಗುತ್ತದೆಯೇ ಅಂತ ಕೇಳುತ್ತಾರೆ. ಆಗುವುದಿಲ್ಲ. ಮೊದಲೆರಡು ಪೈಪ್‌ನಲ್ಲಿ ವಿಪರೀತ ಖಾರ. ಮೂರನೆಯದು ಪಾಕವಾಗಿ ಮರಕ್ಕೆ ಅಂಟಿ ಪೈಪನ್ನೇ ಹಾಳುಮಾಡುತ್ತದೆ.

2. ತುಂಬುವುದು

ಮೂರು ಸಲಕ್ಕೆ ತುಂಬಿ. ಮೊದಲು ತಂಬಾಕನ್ನು ಸುಮ್ನೆ ಉದುರಿಸಿ ಬೌಲ್ ಪೂರ್ತಿ ಮಾಡಿ, ಮಗುವಿನ ಕೈಯಷ್ಟು ಹಗುರಾಗಿ ಒತ್ತಿ ಅರ್ಧಕ್ಕೆ ಇಳಿಸಿ. ಮತ್ತೆ ತುಂಬಿ, ಸ್ವಲ್ಪ ಜಾಸ್ತಿ ಒತ್ತಿ, ಮುಕ್ಕಾಲಿಗೆ ಇಳಿಸಿ. ಮೂರನೆಯ ಸಲ ತುಂಬಿ ಇನ್ನೂ ಸ್ವಲ್ಪ ಗಟ್ಟಿಯಾಗಿ ಒತ್ತಿ, ಅಂಚಿಗಿಂತ ಒಂದಿಷ್ಟು ಕೆಳಗೆ ನಿಲ್ಲಿಸಿ.

ಬೆಂಕಿ ಹಚ್ಚುವ ಮುಂಚೆ ಖಾಲಿ ಎಳೆದು ನೋಡಿ. ಗಾಳಿ ಸರಾಗವಾಗಿ ಬರಬೇಕು, ಆದರೆ ಚೂರು ತಡೆಯೂ ಸಿಗಬೇಕು. ಕೆನ್ನೆ ಒಳಕ್ಕೆ ಹೋಗುವಷ್ಟು ಜಗ್ಗಬೇಕಾಯಿತು ಅಂದರೆ ಬಿಗಿಯಾಗಿದೆ. ಆಗ ಪೂರ್ತಿ ಹೊರತೆಗೆದು ಮತ್ತೆ ತುಂಬಿ. ಮೇಲಿಂದ ಕಡ್ಡಿ ಚುಚ್ಚಿ ಸಡಿಲ ಮಾಡಲು ಹೋದರೆ ಮಧ್ಯೆ ಒಂದು ಸುರಂಗ ಆಗುತ್ತದೆ, ಬೆಂಕಿ ಅದರಲ್ಲೇ ಇಳಿದು ಸುತ್ತಲಿನ ತಂಬಾಕು ಹಸಿಯಾಗೇ ಉಳಿಯುತ್ತದೆ. ತಡೆಯೇ ಇಲ್ಲದಿದ್ದರೆ ಸಡಿಲವಾಗಿದೆ, ಬೆಂಕಿ ನಿಲ್ಲುವುದಿಲ್ಲ.

ಒಣಗಿದ ತಂಬಾಕನ್ನು ಸ್ವಲ್ಪ ಗಟ್ಟಿಯಾಗಿ, ಹಸಿ ತಂಬಾಕನ್ನು ಸ್ವಲ್ಪ ಸಡಿಲವಾಗಿ ತುಂಬಿದರೆ ಎರಡೂ ಸುಧಾರಿಸಿಕೊಳ್ಳುತ್ತವೆ.

3. ಬೆಂಕಿ ಎರಡು ಸಲ

ಮೊದಲ ಬೆಂಕಿ ಸೇದುವುದಕ್ಕಲ್ಲ, ಮೇಲ್ಪದರ ಕರಿ ಮಾಡುವುದಕ್ಕೆ. ಕಡ್ಡಿ ಗೀರಿ, ತಲೆಯ ಮದ್ದು ಉರಿದು ಹೋಗುವವರೆಗೆ ಕಾಯಿರಿ. ಇಲ್ಲವಾದರೆ ಗಂಧಕದ ವಾಸನೆ ಮೊದಲ ದಮ್ಮಿನಲ್ಲೇ ಬರುತ್ತದೆ. ಜ್ವಾಲೆಯನ್ನು ತಂಬಾಕಿನ ಮೇಲೆ ವೃತ್ತಾಕಾರವಾಗಿ ತಿರುಗಿಸುತ್ತಾ ಸಣ್ಣಗೆ ಎಳೆಯಿರಿ. ತಂಬಾಕು ಉಬ್ಬಿ ಮೇಲೇಳುತ್ತದೆ. ಟ್ಯಾಂಪರ್‌ನಿಂದ ಹಗುರಾಗಿ ಒತ್ತಿ ಸಮ ಮಾಡಿ. ಆರಿದರೆ ಆರಲಿ. ಆಮೇಲೆ ಎರಡನೆಯ ಬೆಂಕಿ. ಅದೇ ನಿಜವಾದ ಶುರು.

ಜೆಟ್ ಲೈಟರ್, ಅಂದರೆ ಸುಂಯ್ ಅಂತ ನೀಲಿ ಜ್ವಾಲೆ ಬರುವ ಲೈಟರ್, ಪೈಪ್‌ಗೆ ಬೇಡವೇ ಬೇಡ. ಅದು ಬೌಲ್‌ನ ಅಂಚನ್ನು ಸುಡುತ್ತದೆ. ಪೆಟ್ರೋಲ್ ಹಾಕುವ ಲೈಟರ್‌ನ ವಾಸನೆ ತಂಬಾಕಿಗೆ ಹಿಡಿಯುತ್ತದೆ. ನಮ್ಮ ಬೆಂಕಿಪೊಟ್ಟಣಕ್ಕೆ ಸಮ ಯಾವುದೂ ಇಲ್ಲ.

4. ಎಳೆಯುವ ವೇಗ, ಮತ್ತು ಆ ಫ್ಯಾನ್

ಪೈಪ್ ಬೀಡಿಯಂತೆ ಎಳೆಯುವ ವಸ್ತುವಲ್ಲ. ಒಳಗಿನ ಕೆಂಡ ಊದುಬತ್ತಿಯ ತುದಿಯ ಹಾಗೆ ಕನಕನ ಇರಬೇಕು, ಉರಿಯಬಾರದು. ನಿಧಾನಕ್ಕೆ, ಬಾಯಿಯಷ್ಟೇ ಬಳಸಿ ಎಳೆಯಿರಿ. ಮಧ್ಯೆ ಮಧ್ಯೆ ಸಣ್ಣದಾಗಿ ಕೊಳವೆಯೊಳಗೆ ಉಸಿರು ಬಿಟ್ಟರೆ ಕೆಂಡ ಜೀವಂತ ಇರುತ್ತದೆ.

ಸೀಲಿಂಗ್ ಫ್ಯಾನ್ ಬಗ್ಗೆ ಯಾವ ವಿದೇಶಿ ವಿಡಿಯೊದಲ್ಲೂ ಕೇಳಿಲ್ಲ, ಆದರೆ ನಮ್ಮ ಮನೆಗಳಲ್ಲಿ ಅರ್ಧ ತೊಂದರೆ ಅದರಿಂದಲೇ. ಐದರಲ್ಲಿ ತಿರುಗುವ ಫ್ಯಾನಿನ ಕೆಳಗೆ ಕೂತರೆ ನೀವು ಎಳೆಯದಿದ್ದರೂ ಗಾಳಿಯೇ ಕೆಂಡ ಊದುತ್ತಿರುತ್ತದೆ. ಬೌಲ್ ಕಾಯುತ್ತದೆ, ಒಂದು ಬದಿ ಬೇಗ ಉರಿದು ಇನ್ನೊಂದು ಬದಿ ಹಾಗೇ ಉಳಿಯುತ್ತದೆ. ಕೂಲರ್ ಎದುರೂ ಅದೇ ಕತೆ. ಫ್ಯಾನ್ ಆರಿಸಿ ಕೂರಲು ಮೇ ತಿಂಗಳಲ್ಲಿ ಯಾರಿಗೂ ಆಗುವುದಿಲ್ಲ, ಒಪ್ಪುತ್ತೇನೆ. ಹಾಗಾಗಿ ಸೂರ್ಯ ಮುಳುಗಿದ ಮೇಲೆ ಗಾಳಿಗೆ ಮರೆಯಾದ ಜಾಗ ನೋಡಿಕೊಳ್ಳಿ. ಮಾಳಿಗೆಯ ಮೇಲೆ ಗಾಳಿ ಜಾಸ್ತಿ ಇದ್ದರೆ ತೂತಿರುವ ಲೋಹದ ಮುಚ್ಚಳ ಸಿಗುತ್ತದೆ, ಬೌಲ್ ಮೇಲೆ ಅದನ್ನು ಹಾಕಿ.

ಬಿಸಿ ಪರೀಕ್ಷೆ ಸುಲಭ. ಬೌಲ್‌ನ ಹೊರಮೈಯನ್ನು ಕೆನ್ನೆಗೆ ತಾಗಿಸಿ. ತಾಗಿಸಿ ಇಟ್ಟುಕೊಳ್ಳಲು ಆಗದಿದ್ದರೆ ಕೆಳಗಿಡಿ, ಆರಲಿ. ಆರಿದ ಪೈಪನ್ನು ಮತ್ತೆ ಹಚ್ಚುವುದರಲ್ಲಿ ಅವಮಾನ ಏನಿಲ್ಲ. ಒಂದು ಬೌಲ್‌ಗೆ ಮೂರ್ನಾಲ್ಕು ಸಲ ಹಚ್ಚುವುದು ಪಳಗಿದವರಿಗೂ ಮಾಮೂಲು. ಆರಬಾರದು ಅಂತ ಹಟಕ್ಕೆ ಬಿದ್ದು ಜಗ್ಗಿದರೇ ನಾಲಿಗೆ ಸುಡುವುದು.

5. ನಾಲಿಗೆ ಉರಿ

ಮೇಲಿನ ನಾಲ್ಕೂ ಸರಿಯಿದ್ದರೂ ಉರಿ ಇದೆಯೇ? ಹಾಗಿದ್ದರೆ ತಂಬಾಕಿನ ಜಾತಿ ನೋಡಿ. ವರ್ಜೀನಿಯಾ ತಂಬಾಕಿನಲ್ಲಿ ಸಕ್ಕರೆಯಂಶ ಜಾಸ್ತಿ, ಬಿಸಿಯಾಗಿ ಉರಿಯುತ್ತದೆ, ಅವಸರದವರ ನಾಲಿಗೆಯನ್ನು ಮೊದಲು ಕಚ್ಚುವುದು ಅದೇ. ಬರ್ಲಿಯಲ್ಲಿ ಸಕ್ಕರೆ ಕಡಿಮೆ, ಆದರೆ ನಿಕೋಟಿನ್ ಹೆಚ್ಚು. ಹಸಿ ತಂಬಾಕಿನಿಂದಲೂ ಉರಿ ಬರುತ್ತದೆ, ಅಲ್ಲಿ ನಾಲಿಗೆ ಸುಡುವುದು ಬಿಸಿ ಆವಿ.

ಉರಿ ಬಂದರೆ ನಾಲ್ಕೈದು ದಿನ ಪೈಪ್ ಮುಟ್ಟಬೇಡಿ. ಮಿರ್ಚಿ ಮಂಡಕ್ಕಿಗೂ ಆ ದಿನಗಳಲ್ಲಿ ರಜೆ ಕೊಡಿ. ಮಜ್ಜಿಗೆ, ತಣ್ಣೀರು ಸಾಕು. ಆದರೆ ಬಾಯಲ್ಲಿ ಬಿಳಿ ಅಥವಾ ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು ಇದ್ದರೆ ಅದು ನಾಲಿಗೆ ಉರಿ ಅಲ್ಲ. ಮನೆಮದ್ದು ಮಾಡುತ್ತಾ ಕೂರದೆ ದಂತವೈದ್ಯರಿಗೆ ತೋರಿಸಿ.

ತಲೆ ಸುತ್ತು, ವಾಕರಿಕೆ, ಬೆವರು ಬಂದರೆ ಅದು ನಿಕೋಟಿನ್ ಜಾಸ್ತಿಯಾದ ಲಕ್ಷಣ. ತಕ್ಷಣ ನಿಲ್ಲಿಸಿ, ಗಾಳಿಯಲ್ಲಿ ಕೂತು ನೀರು ಕುಡಿಯಿರಿ. ಖಾಲಿ ಹೊಟ್ಟೆಯಲ್ಲಿ, ಬಿಸಿಲಲ್ಲಿ ಅಲೆದು ಬಂದ ಕೂಡಲೇ ಸೇದುವವರಿಗೆ ಇದು ಹೆಚ್ಚು.

6. ಗೊರಗೊರ ಸದ್ದು

ತಂಬಾಕು ಉರಿದಾಗ ನೀರಾವಿ ಹುಟ್ಟುತ್ತದೆ. ಅದು ತಣ್ಣಗಿರುವ ಶ್ಯಾಂಕ್‌ಗೆ ಬಂದು ನೀರಾಗುತ್ತದೆ. ಎಂಜಲೂ ಸೇರಿಕೊಳ್ಳಬಹುದು. ಸದ್ದು ಕೇಳಿದ ಕೂಡಲೇ ಸ್ಟೆಮ್ ಬಿಚ್ಚಬೇಡಿ. ಬಾಯಿಯ ಕಡೆಯಿಂದ ಕ್ಲೀನರ್ ಒಂದನ್ನು ಬೌಲ್‌ನ ತಳ ಮುಟ್ಟುವವರೆಗೆ ತೂರಿಸಿ, ಒಂದು ಕ್ಷಣ ಬಿಟ್ಟು ತೆಗೆಯಿರಿ. ಕಂದು ನೀರು ಹೀರಿಕೊಂಡು ಬರುತ್ತದೆ. ತುಂಬಾ ಬಾಗಿದ ಪೈಪ್‌ಗಳಲ್ಲಿ ಕ್ಲೀನರ್ ಒಳಗೇ ತಡೆದು ನಿಲ್ಲಬಹುದು, ಒತ್ತಿ ನೂಕಬೇಡಿ. ಪ್ರತಿ ಸಲವೂ ಸದ್ದು ಬಂದರೆ ತಂಬಾಕು ಹಸಿ, ಇಲ್ಲವೇ ನೀವು ಜೋರಾಗಿ ಎಳೆಯುತ್ತಿದ್ದೀರಿ.

7. ಸೇದಿದ ಮೇಲೆ

ಇಲ್ಲಿ ಆಗುವ ತಪ್ಪಿಗೆ ಪೈಪೇ ಬೆಲೆ ತೆರುತ್ತದೆ. ಬಿಸಿ ಇರುವಾಗ ಸ್ಟೆಮ್ ತಿರುಗಿಸಿದರೆ ಟೆನನ್ ಮುರಿಯಬಹುದು, ಶ್ಯಾಂಕ್ ಸೀಳಬಹುದು. ಪೂರ್ತಿ ತಣ್ಣಗಾಗಲಿ. ಕಲ್ಲಿಗೆ, ಕಟ್ಟೆಗೆ ಕುಟ್ಟಿ ಬೂದಿ ಉದುರಿಸಬೇಡಿ, ಕತ್ತು ಅಲ್ಲೇ ಮುರಿಯುವುದು. ಟ್ಯಾಂಪರ್‌ನ ಚಮಚದಿಂದ ಕೆದಕಿ ತೆಗೆಯಿರಿ. ಸ್ಟೆಮ್ ಬಿಚ್ಚಿ ಕ್ಲೀನರ್ ಆಡಿಸಿ, ಹೊಸದೊಂದು ಒಳಗೇ ಬಿಟ್ಟು ಒಣಗಲು ಇಡಿ. ಒಂದು ಸಲ ಸೇದಿದ ಪೈಪ್‌ಗೆ ಕನಿಷ್ಠ ಒಂದು ದಿನ ರಜೆ.

ಬೂದಿಯನ್ನು ಎಲ್ಲಿ ಸುರಿಯುತ್ತೀರಿ ನೋಡಿಕೊಳ್ಳಿ. ಬೂದಿಯೊಳಗೆ ಕೆಂಡ ಬಹಳ ಹೊತ್ತು ಅಡಗಿರುತ್ತದೆ. ರಾಯಚೂರಿನ ಹತ್ತಿ ರಾಶಿ, ಗಂಗಾವತಿ ಕಡೆಯ ಭತ್ತದ ಹುಲ್ಲಿನ ಬಣವೆ, ಆನೆಗೊಂದಿ ಬಂಡೆಗಳ ನಡುವಿನ ಬೇಸಿಗೆಯ ಒಣ ಹುಲ್ಲು, ಇವುಗಳ ಹತ್ತಿರ ಪೈಪ್ ಹಚ್ಚುವುದೇ ಬೇಡ. ಎಲ್ಲೇ ಆಗಲಿ, ಲೋಹದ ಡಬ್ಬಿಗೆ ಹಾಕಿ ನೀರು ಸುರಿಯಿರಿ.

ಬೌಲ್ ಒಳಗೆ ದಿನ ಕಳೆದಂತೆ ಕರಿ ಪದರ ಕಟ್ಟುತ್ತದೆ. ಅದಕ್ಕೆ ಕೇಕ್ ಅನ್ನುತ್ತಾರೆ, ಅದು ಮರವನ್ನು ಬೆಂಕಿಯಿಂದ ಕಾಪಾಡುತ್ತದೆ. ಸುಮಾರು ಒಂದು ಮಿಲಿಮೀಟರ್ ಇದ್ದರೆ ಒಳ್ಳೆಯದು. ದಪ್ಪವಾದರೆ ಅದು ಮರಕ್ಕಿಂತ ಬೇರೆಯಾಗಿ ಹಿಗ್ಗಿ ಬೌಲ್ ಸೀಳುತ್ತದೆ. ಮೊಂಡು ಚಾಕುವಿನಿಂದ ಸ್ವಲ್ಪ ಸ್ವಲ್ಪ ಕೆರೆಯಿರಿ. ಚೂಪಾದ ಚಾಕು ಮರಕ್ಕೆ ಇಳಿಯುತ್ತದೆ. ಜೋಳದ ಪೈಪ್‌ಗೆ ಕೇಕ್‌ನ ಚಿಂತೆ ಬೇಡ.

8. ಕಹಿ, ಹುಳಿ ವಾಸನೆ

ಎಷ್ಟು ಒಳ್ಳೆ ತಂಬಾಕು ಹಾಕಿದರೂ ಕಹಿ ಬಂದರೆ ಮರ ಹಳೆಯ ರಸ ಕುಡಿದಿದೆ ಅಂತ ಅರ್ಥ. ತಾತನ ಪೈಪ್ ಅಟ್ಟದಲ್ಲಿ ಸಿಕ್ಕವರಿಗೂ ಇದೇ ಚಿಕಿತ್ಸೆ. ಮೆಡಿಕಲ್ ಅಂಗಡಿಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಕೇಳಿ. ಸ್ಟೆಮ್ ತೆಗೆದಿಡಿ. ಶ್ಯಾಂಕ್ ತೂತಿಗೆ ಕ್ಲೀನರ್ ಸಿಕ್ಕಿಸಿ, ಬೌಲ್‌ಗೆ ಹತ್ತಿ ತುಂಬಿ, ಹತ್ತಿ ನೆನೆಯುವಷ್ಟು ಆಲ್ಕೊಹಾಲ್ ಬಿಡಿ. ಹೊರಮೈಗೆ ಚೆಲ್ಲಿದರೆ ಬಣ್ಣ ಹೋಗುತ್ತದೆ. ರಾತ್ರಿ ಹಾಗೇ ಬಿಟ್ಟು ಬೆಳಗ್ಗೆ ನೋಡಿದರೆ ಹತ್ತಿ ಕಡು ಕಂದು. ತೆಗೆದು, ಎರಡು ಮೂರು ದಿನ ತೆರೆದ ಗಾಳಿಗೆ ಇಡಿ. ಆಲ್ಕೊಹಾಲ್ ಬೆಂಕಿ ಹಿಡಿಯುವ ವಸ್ತು, ವಾಸನೆ ಪೂರ್ತಿ ಹೋಗುವವರೆಗೆ ಕಡ್ಡಿ ಗೀರಬೇಡಿ. ಸ್ಯಾನಿಟೈಜರ್, ಸೋಪು, ಸೆಂಟು ಯಾವುದೂ ಇದಕ್ಕೆ ಬದಲಿಯಲ್ಲ. ಬಿಳಿ ಕಲ್ಲಿನ ಮೀರ್‌ಶಾಮ್ ಪೈಪ್‌ಗೆ ಈ ಪ್ರಯೋಗ ಬೇಡ.

9. ಸ್ಟೆಮ್‌ನ ತೊಂದರೆಗಳು

ಸ್ಟೆಮ್ ಕಪ್ಪಿನಿಂದ ಹಸಿರುಗಂದು ಬಣ್ಣಕ್ಕೆ ತಿರುಗಿದರೆ ಅದು ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರ್. ಬಿಸಿಲು ಬಿದ್ದಷ್ಟೂ ಒಳಗಿನ ಗಂಧಕ ಮೇಲೆ ಬಂದು ಬಣ್ಣ ಕೆಡುತ್ತದೆ, ರುಚಿಯೂ ಕೆಡುತ್ತದೆ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಪೈಪ್ ಬಿಟ್ಟು ಹೋಗುವವರೇ, ಇದು ನಿಮಗೆ. ತೋರಣಗಲ್ಲಿನ ಪಾರ್ಕಿಂಗ್‌ನಲ್ಲಿ ಮಧ್ಯಾಹ್ನ ಕಾರಿನೊಳಗೆ ಎಷ್ಟು ಬಿಸಿ ಅಂತ ಹೇಳಬೇಕೇ? ಎಬೊನೈಟ್ ಹೆಚ್ಚು ಕಾಯಿಸಿದರೆ ಮೆತ್ತಗಾಗಿ ಬಾಗು ನೇರವಾಗುವ ಗುಣದ್ದು. ಸಂಡೂರು ಕಡೆಯವರಾದರೆ ಕೆಂಪು ಧೂಳು ಬೇರೆ, ಬಟ್ಟೆಯ ಚೀಲದಲ್ಲೇ ಇಡಿ.

ಬಣ್ಣ ಕೆಟ್ಟಿದ್ದಕ್ಕೆ ಕಾರಿನ ಪೇಂಟಿಂಗ್‌ನವರು ಬಳಸುವ 1000 ನಂಬರಿನ ವಾಟರ್ ಪೇಪರ್, ಆಮೇಲೆ 2000. ನೀರು ಹಚ್ಚಿ ಮೆಲ್ಲಗೆ ಉಜ್ಜಿ. ಟೆನನ್‌ಗೆ ಮಾತ್ರ ತಾಗಿಸಬೇಡಿ, ಸವೆದರೆ ಸ್ಟೆಮ್ ನಿಲ್ಲುವುದಿಲ್ಲ.

ಬೇಸಿಗೆಯಲ್ಲಿ ಬಹಳ ದಿನ ಸೇದದೆ ಇಟ್ಟ ಪೈಪ್‌ನ ಸ್ಟೆಮ್ ಸಡಿಲವಾಗುವುದುಂಟು. ಮರ ಒಣಗಿದ್ದಕ್ಕೆ ಹಾಗೆ. ಎರಡು ಮೂರು ಸಲ ಸೇದಿದರೆ ಪಸೆ ಕುಡಿದು ತಾನೇ ಬಿಗಿಯಾಗುತ್ತದೆ. ಫೆವಿಕ್ವಿಕ್ ಹಾಕಿದವರ ಪೈಪ್‌ಗೆ ನನ್ನ ಹತ್ತಿರ ಮದ್ದಿಲ್ಲ. ಚೂರು ಜೇನುಮೇಣ ಸವರಿದರೆ ಸಾಕಿತ್ತು. ಅದೇ ಉಲ್ಟಾ, ಸ್ಟೆಮ್ ಸಿಕ್ಕಿಕೊಂಡು ಬರುತ್ತಿಲ್ಲವೇ? ತಣ್ಣಗಿರುವ ಪೈಪನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಸುತ್ತಿ ಕಾಲು ಗಂಟೆ ಫ್ರೀಜರ್‌ನಲ್ಲಿಡಿ. ಆಮೇಲೆ ಬೌಲ್ ಹಿಡಿಯದೆ ಶ್ಯಾಂಕ್ ಹಿಡಿದು, ಸ್ಟೆಮ್ ಅನ್ನು ಬಲಕ್ಕೆ ನಿಧಾನವಾಗಿ ತಿರುಗಿಸಿ. ಬರಲಿಲ್ಲವೆಂದರೆ ಇನ್ನೊಂದು ಕಾಲು ಗಂಟೆ. ಇಕ್ಕಳ ಹುಡುಕಬೇಡಿ.

ಕೊನೆಯದಾಗಿ, ಕಿನ್ನಾಳದ ಗೊಂಬೆ ಮಾಡುವವರ ಹತ್ತಿರ ಪೈಪ್ ಮಾಡಿಸಬಹುದೇ ಅಂತ ಕೊಪ್ಪಳದ ಓದುಗರು ಕೇಳುತ್ತಲೇ ಇರುತ್ತಾರೆ. ಅವರ ಕೈಚಳಕಕ್ಕೆ ಅದು ಕಷ್ಟವಲ್ಲ. ಆದರೆ ಗೊಂಬೆಗೆ ಬಳಸುವುದು ಹಗುರ ಮರ, ಎರಡನೇ ಬೌಲ್‌ಗೆ ಗೋಡೆಯೇ ಸುಟ್ಟು ತೂತಾಗುತ್ತದೆ. ಅದರ ಮೇಲಿನ ಬಣ್ಣದ ಹೊಗೆಯೂ ನಿಮ್ಮ ಬಾಯಿಗೇ. ಪೈಪ್ ಇಡುವ ಸ್ಟ್ಯಾಂಡ್ ಬೇಕಾದರೆ ಧಾರಾಳವಾಗಿ ಮಾಡಿಸಿ.